ಮಂತ್ರ ಅವನದು, ಕೊಳೆತ ಬೆಳೆ ಯಾರದು?

ರಾತ್ರೋರಾತ್ರಿ ನಾಲ್ಕು ಹೊಲದ ಬೆಳೆ ಕೊಳೆತು ಹೋದರೆ ಅದನ್ನು ನೀವು 'ಚಿಕ್ಕ ಅವಘಡ' ಅನ್ನುತ್ತೀರಾ? ಒಂದು ಆಟದ ಪುಸ್ತಕ ಹಾಗೆಂದೇ ಬರೆದಿದೆ. ಅದೇ ಪುಸ್ತಕದಲ್ಲಿ ಮಾಂತ್ರಿಕನ ಹೊಟ್ಟೆ ಕೆಟ್ಟು ಉಟ್ಟ ಬಟ್ಟೆ ಹೊಲಸಾದರೆ ಅದು 'ದೊಡ್ಡ ಅವಘಡ'. ತಮಾಷೆಗೆ ಹೇಳುತ್ತಿಲ್ಲ, ಎರಡೂ ಅಚ್ಚಾಗಿರುವ ನಿಯಮಗಳು.

ಆಟದ ಹೆಸರು ವಾರ್‌ಹ್ಯಾಮರ್ ಫ್ಯಾಂಟಸಿ ರೋಲ್‌ಪ್ಲೇ. ಇಂಗ್ಲೆಂಡಿನಲ್ಲಿ 1986ರಲ್ಲಿ ಮೊದಲು ಬಂತು, ನಾಲ್ಕನೇ ಆವೃತ್ತಿ 2018ರದ್ದು. ಇದು ಫೋನಿನಲ್ಲಿ ಬೆರಳಾಡಿಸುವ ಆಟ ಅಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ಆಗುತ್ತಾರೆ, ಏನಾಯಿತು ಅನ್ನುವುದನ್ನು ದಾಳ ತೀರ್ಮಾನಿಸುತ್ತದೆ. ಬಯಲಾಟದಲ್ಲಿ ಮಾತನ್ನು ಮೊದಲೇ ಬರೆದಿರುವುದಿಲ್ಲ, ದಾಳ ಬಿದ್ದ ಹಾಗೆ ಕತೆ ತಿರುಗುತ್ತದೆ ಅಂದುಕೊಳ್ಳಿ, ಹೆಚ್ಚುಕಡಿಮೆ ಹಾಗೆ.

ಆ ಲೋಕದಲ್ಲಿ ಉತ್ತರದಿಂದ ಎಂಟು ಮಾಂತ್ರಿಕ ಗಾಳಿಗಳು ಬೀಸುತ್ತವೆ. ಮಾಂತ್ರಿಕರು ಆಲ್ಟ್‌ಡಾರ್ಫ್ ಎಂಬ ರಾಜಧಾನಿಯಲ್ಲಿ ಗಾಳಿಗೊಂದರಂತೆ ಇರುವ ವಿದ್ಯಾಲಯಗಳಲ್ಲಿ ಕಲಿತು ಆ ಗಾಳಿಯನ್ನು ಹಿಡಿದು ಮಂತ್ರ ಹಾಕುತ್ತಾರೆ. ಹಾಕುವಾಗ ನೂರರೊಳಗಿನ ಒಂದು ಸಂಖ್ಯೆ ಬರುವಂತೆ ಎರಡು ದಾಳ ಉರುಳಿಸಬೇಕು. 11, 22, 33 ಹೀಗೆ ಎರಡೂ ಅಂಕಿ ಒಂದೇ ಬಿದ್ದರೆ ಶಕ್ತಿ ಹಿಡಿತ ತಪ್ಪಿತು ಅಂತ ಅರ್ಥ. ಮಂತ್ರ ಫಲಿಸಿದ್ದರೆ ಮಾಂತ್ರಿಕನಿಗೆ ಹೆಚ್ಚಿನ ಲಾಭವೂ ಉಂಟು. ಆದರೆ ಜೊತೆಗೆ ಇನ್ನೊಮ್ಮೆ ದಾಳ ಉರುಳಿಸಿ 'ಚಿಕ್ಕ ಅವಘಡಗಳ ಪಟ್ಟಿ' ನೋಡಬೇಕು.

ಆ ಪಟ್ಟಿಯ ಮೊದಲ ಮೂರು ಸಾಲು ಓದಿ. 1ರಿಂದ 5 ಬಿದ್ದರೆ, ಒಂದು ಮೈಲಿಯೊಳಗೆ ಮುಂದೆ ಹುಟ್ಟುವ ಜೀವ ವಿಕಾರವಾಗಿ ಹುಟ್ಟುತ್ತದೆ. 6ರಿಂದ 10 ಬಿದ್ದರೆ ಸುತ್ತಲಿನ ಹಾಲೆಲ್ಲ ಹುಳಿಯಾಗುತ್ತದೆ, ನೂರು ಗಜದವರೆಗೂ ಹೋಗಬಹುದು. 11ರಿಂದ 15 ಬಿದ್ದರೆ ಮಾಂತ್ರಿಕನ ಮನೋಬಲದ ಮೊದಲ ಅಂಕಿ ಎಷ್ಟೋ ಅಷ್ಟು ಮೈಲಿಯೊಳಗೆ ಅಷ್ಟು ಹೊಲಗಳಿಗೆ ರೋಗ ಬಡಿದು ಬೆಳೆ ಒಂದೇ ರಾತ್ರಿಯಲ್ಲಿ ಕೊಳೆಯುತ್ತದೆ. ಮನೋಬಲ 45 ಇದ್ದವನಾದರೆ ನಾಲ್ಕು ಮೈಲಿಯೊಳಗೆ ನಾಲ್ಕು ಹೊಲ.

ಹುಟ್ಟುವ ಕೂಸು ಅಥವಾ ಕರು ಯಾರ ಮನೆಯದು? ಹಾಲು ಯಾರ ಮನೆಯದು? ಹೊಲ ಯಾರದು? ಮೂರರಲ್ಲಿ ಒಂದೂ ಮಾಂತ್ರಿಕನದಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಲೆಕ್ಕವನ್ನೂ ಹಾಕೋಣ. ಎರಡೂ ಅಂಕಿ ಒಂದೇ ಬೀಳುವುದು ಹತ್ತಕ್ಕೆ ಒಂದು ಸಲ. ಅದರಲ್ಲಿ ಬೆಳೆ ಕೊಳೆಯುವ ಸಾಲು ಬರುವುದು ನೂರಕ್ಕೆ ಐದು ಸಲ. ಅಂದರೆ ಸರಾಸರಿ ಇನ್ನೂರು ಮಂತ್ರಕ್ಕೆ ಒಮ್ಮೆ. ದಿನಕ್ಕೆ ಐದು ಮಂತ್ರ ಹಾಕುವವನು ನಲವತ್ತು ದಿನಕ್ಕೊಮ್ಮೆ ಯಾರದೋ ಹೊಲ ತೆಗೆಯುತ್ತಾನೆ. ಒಬ್ಬನಿಗೆ ಇದು ಅಪರೂಪವೇ. ಒಂದು ರಾಜ್ಯದಲ್ಲಿ ಇಂಥವರು ನೂರು ಜನ ಇದ್ದರೆ ಸುಗ್ಗಿ ಹೊತ್ತಿಗೆ ಏನು ಉಳಿದೀತು ಅಂತ ಪುಸ್ತಕ ಬರೆದವರು ಕೇಳಿಕೊಂಡಂತಿಲ್ಲ.

ನನ್ನ ಸಿಟ್ಟು ಏರುವುದು ಇಲ್ಲಿಂದ ಮುಂದೆ. ಈ ಅವಘಡ ತಪ್ಪಿಸುವ ದಾರಿಯನ್ನೂ ಅದೇ ಪುಸ್ತಕ ಕೊಟ್ಟಿದೆ. ಮಂತ್ರಕ್ಕೆ ತಕ್ಕ ಸಾಮಗ್ರಿ ಕೈಯಲ್ಲಿ ಹಿಡಿದು ಹಾಕಿದರೆ ದೊಡ್ಡ ಅವಘಡ ಚಿಕ್ಕದಾಗುತ್ತದೆ, ಚಿಕ್ಕದು ಇಲ್ಲವಾಗುತ್ತದೆ. ಸಾಮಗ್ರಿ ಆ ಒಂದು ಸಲಕ್ಕೆ ಮುಗಿದು ಹೋಗುತ್ತದೆ. ಬೆಲೆ ಎಷ್ಟು? ಮಂತ್ರದ ಕಷ್ಟದ ಅಂಕಿ ಎಷ್ಟೋ ಅಷ್ಟು ಬೆಳ್ಳಿ ನಾಣ್ಯ. ಕಷ್ಟದ ಅಂಕಿ ನಾಲ್ಕು ಇದ್ದರೆ ನಾಲ್ಕೇ ನಾಣ್ಯ. ಆ ನಾಲ್ಕು ನಾಣ್ಯ ಉಳಿಸಿ ಮಾಂತ್ರಿಕ ಕತ್ತಿ ಕೊಳ್ಳಬಹುದು, ಹೆಂಡ ಕುಡಿಯಬಹುದು. ಉಳಿಸದಂತೆ ತಡೆಯುವ ಒಂದೇ ಒಂದು ಸಾಲು ಆ ಪಟ್ಟಿಯಲ್ಲಿಲ್ಲ. ಏಕೆಂದರೆ ಕಳೆದುಕೊಳ್ಳುವವನು ಮೇಜಿನ ಸುತ್ತ ಕೂತೇ ಇಲ್ಲ.

'ಸೈಡ್ ಎಫೆಕ್ಟ್' ಅನ್ನುವ ಮಾತಿನ ಮೋಸವೂ ಇದೇ. ಪಕ್ಕದ ಪರಿಣಾಮ ಅಂದರೆ ಯಾರ ಪಕ್ಕ? ಮಂತ್ರ ಹಾಕಿದವನು ನಿಂತ ಜಾಗದಿಂದ ಅಳೆದರೆ ಅದು ಪಕ್ಕದ್ದು. ಬೆಳಿಗ್ಗೆ ಎದ್ದು ಹೊಲಕ್ಕೆ ಹೋದವನಿಗೆ ಪರಿಣಾಮ ಅಂತ ಇರುವುದು ಅದೊಂದೇ. ಮಂತ್ರ ಏನಾಗಿತ್ತು, ಯಾವ ರಾಕ್ಷಸ ಸತ್ತ, ಅವನಿಗೆ ಗೊತ್ತೂ ಇಲ್ಲ.

ಹಾಗಂತ ವಾರ್‌ಹ್ಯಾಮರ್ ಅತಿ ಕೆಟ್ಟ ಆಟ ಅನ್ನಲಾರೆ. ಹಾನಿ ಇದೆ ಅಂತ ಒಪ್ಪುವ ಆಟಗಳೇ ಕಡಿಮೆ. ಫೋನಿನ ಆಟಗಳಲ್ಲಿ ಎಲ್ಲರೂ ನೋಡಿರುವ ಆ ನೀಲಿ ಪಟ್ಟಿ ಇದೆಯಲ್ಲ, ಮಂತ್ರ ಹಾಕಿದರೆ ಇಳಿಯುತ್ತದೆ, ತುಸು ಕಾದರೆ ತಾನೇ ತುಂಬುತ್ತದೆ. ಎಲ್ಲಿಂದ ತುಂಬಿತು ಅಂತ ಯಾರೂ ಕೇಳುವುದಿಲ್ಲ. ಕೊಳವೆಬಾವಿ ಕೊರೆಸಿದವರಿಗೆ ಈ ಪಟ್ಟಿ ನೋಡಿದರೆ ನಗು ಬರಬೇಕು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇನ್ನೂ ಹಳೆಯದು, 1974ರದ್ದು. ಅದರ ಹಳೆಯ ಆವೃತ್ತಿಗಳಲ್ಲಿ 'ಹೇಸ್ಟ್' ಅನ್ನುವ ಮಂತ್ರ ಹಾಕಿಸಿಕೊಂಡವನು ವೇಗ ಪಡೆಯುತ್ತಿದ್ದ, ಬದಲಿಗೆ ಒಂದು ವರ್ಷ ಮುದುಕನಾಗುತ್ತಿದ್ದ. 2014ರ ಆವೃತ್ತಿಯಲ್ಲಿ ಅದೇ ಮಂತ್ರ ಮುಗಿದ ಮೇಲೆ ಒಂದು ಸರದಿ ಸುಸ್ತಾಗಿ ನಿಲ್ಲಬೇಕು, ಅಷ್ಟೇ. ಒಂದು ಸರದಿ ಅಂದರೆ ಆಟದ ಲೆಕ್ಕದಲ್ಲಿ ಆರು ಸೆಕೆಂಡು. ಒಂದು ವರ್ಷದ ಬೆಲೆ ಆರು ಸೆಕೆಂಡಿಗೆ ಇಳಿಯಿತು!

ಅದೇ ಕಂಪನಿಯ ಆಟಗಳ ಸಾಲಿನಲ್ಲಿ 1991ರಲ್ಲಿ ಬಂದ 'ಡಾರ್ಕ್ ಸನ್' ಮಾತ್ರ ಈ ವಿಷಯವನ್ನು ನೆಟ್ಟಗೆ ಹೇಳಿತು. ಅಲ್ಲಿನ ಲೋಕದ ಹೆಸರು ಅಥಾಸ್. ಪೂರ್ತಿ ಮರಳುಗಾಡು. ಮೊದಲು ಹಾಗಿರಲಿಲ್ಲ, ಮಾಂತ್ರಿಕರೇ ಹಾಗೆ ಮಾಡಿದ್ದು. ಅಲ್ಲಿ ಮಂತ್ರಕ್ಕೆ ಬೇಕಾದ ಶಕ್ತಿ ಬರುವುದು ಗಿಡಮರದ ಜೀವದಿಂದ. ಎಚ್ಚರದಿಂದ, ಗಿಡ ಸಾಯದ ಹಾಗೆ ಎಳೆಯುವವರು ಒಂದು ಬಗೆ. ಸುತ್ತಲಿನ ಹಸಿರನ್ನೆಲ್ಲ ಬೂದಿ ಮಾಡಿ, ನೆಲವನ್ನು ಬಂಜೆ ಮಾಡಿ ಹೋಗುವವರು ಇನ್ನೊಂದು ಬಗೆ. ಈ ಎರಡನೆಯವರು ಆಟದಲ್ಲಿ ಬೇಗ ಬೇಗ ಮೇಲೇರುತ್ತಾರೆ, ಮೊದಲಿನವರು ನಿಧಾನಕ್ಕೆ. ನಿಯಮವೇ ಹಾಗಿದೆ. ಊರೂರಿನ ಗದ್ದುಗೆ ಮೇಲೆ ಕೂತಿರುವುದೂ ಬೂದಿ ಮಾಡಿದವರೇ. ನೆಲ ಸುಟ್ಟವನಿಗೆ ಲಾಭ ಇದೆ ಅಂತ ಮುಚ್ಚಿಡದೆ ಬರೆದ ಆಟ ಅದು. 2010ರಲ್ಲಿ ಮತ್ತೆ ಅಚ್ಚಾದಾಗ ಹೊಸ ನಿಯಮ ಬಂತು: ಮಾಂತ್ರಿಕ ಬಯಸಿದರೆ ದಾಳವನ್ನು ಎರಡನೇ ಸಲ ಎಸೆಯಬಹುದು, ಆಗ ಹತ್ತಿರದ ಜೊತೆಗಾರರಿಗೆ ಪೆಟ್ಟು ಬೀಳುತ್ತದೆ. ಅದು ಮೇಜಿನ ಸುತ್ತ ಜಗಳ ಎಬ್ಬಿಸುವ ಒಳ್ಳೆಯ ನಿಯಮವೇ, ಆದರೆ ನೆಲ ಹಿಂದಕ್ಕೆ ಸರಿಯಿತು.

'ಇದು ಆಟ ಕಣ್ರೀ, ಇಷ್ಟೆಲ್ಲ ಯಾಕೆ' ಅನ್ನುವವರಿದ್ದಾರೆ. ಆಟ ಅಂತಲೇ ಕೇಳುತ್ತಿರುವುದು. ಕಾದಾಟದಲ್ಲಿ ಯಾವ ಕೈಗೆ ಏಟು ಬಿತ್ತು, ಯಾವ ಮೂಳೆ ಮುರಿಯಿತು, ವಾಸಿಯಾಗಲು ಎಷ್ಟು ದಿನ ಬೇಕು ಅಂತ ಪುಟಗಟ್ಟಲೆ ಬರೆಯಲು ಜಾಗ ಇದ್ದವರಿಗೆ ಹೊಲದವನ ಬಗ್ಗೆ ಎರಡು ಸಾಲಿಗೆ ಜಾಗ ಇರಲಿಲ್ಲವೇ? 'ಕತೆ ನಡೆಸುವವನು ಬೇಕಾದರೆ ಊರವರು ದೊಣ್ಣೆ ಹಿಡಿದು ಬಂದರು ಅನ್ನಬಹುದಲ್ಲ' ಅಂತಲೂ ಹೇಳುತ್ತಾರೆ. ಅನ್ನಬಹುದು. ಆದರೆ ಮಾಂತ್ರಿಕನ ಹೊಲಸು ಬಟ್ಟೆಯನ್ನು ಯಾರ ಮನಸ್ಸಿಗೂ ಬಿಟ್ಟಿಲ್ಲ. ತೊಳೆದು ಬದಲಾಯಿಸುವವರೆಗೂ ಆಯಾಸ ಇಳಿಯದು ಅಂತ ನಿಯಮವೇ ಇದೆ.

ಈ ಆಟ ಆಡುವವರು, ನಾಳೆ ಸ್ವಂತ ಆಟ ಕಟ್ಟುವ ಹುಡುಗ ಹುಡುಗಿಯರು ಒಂದು ಕೆಲಸ ಮಾಡಿ ನೋಡಿ. ಬೆಳೆ ಕೊಳೆಯುವ ಸಾಲನ್ನು ಚಿಕ್ಕ ಪಟ್ಟಿಯಿಂದ ಕಿತ್ತು ದೊಡ್ಡದಕ್ಕೆ ಹಾಕಿ. ಅದು ಬಿದ್ದ ದಿನ ಆಟ ಅಲ್ಲಿಗೇ ನಿಲ್ಲಿಸಿ, ನಾಲ್ಕು ಹೊಲದ ಒಡೆಯರಿಗೂ ಹೆಸರಿಡಿ, ಏನು ಬಿತ್ತಿದ್ದರು, ಯಾರ ಹತ್ತಿರ ಸಾಲ ತಂದಿದ್ದರು ಬರೆದಿಡಿ. ಮುಂದಿನ ವಾರ ಆಟಗಾರರು ಅದೇ ದಾರಿಯಲ್ಲಿ ವಾಪಸ್ ಬರಲಿ, ರಾತ್ರಿ ತಂಗಲು ಆ ನಾಲ್ಕರಲ್ಲಿ ಒಂದು ಮನೆಯ ಬಾಗಿಲನ್ನೇ ತಟ್ಟಲಿ.