ಕ್ರೇಯಾನ್ಸ್ ಅಂಗಡಿಯಿಂದಲೇ ಬರಬೇಕಾ?

ಚಿತ್ರ ಬರೆಯಿರಿ ಎಂದು ಮೇಷ್ಟ್ರು ಹೇಳಿದರೆ ಒಂದೇ ಕ್ರೇಯಾನ್ಸ್ ಡಬ್ಬಿಗೆ ನಾಲ್ಕು ಮಕ್ಕಳು ಕೈ ಹಾಕುವುದು ನಮ್ಮೂರುಗಳಲ್ಲಿ ಹೊಸದಲ್ಲ. ಆದರೆ ಬಣ್ಣ ನಮ್ಮ ಕಾಲಡಿಯಲ್ಲೇ ಇದೆ. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಚಿತ್ತಾರ ಬರೆಯುವುದು ಕೆಮ್ಮಣ್ಣು, ಅಕ್ಕಿ ಹಿಟ್ಟು, ಸುಟ್ಟ ಅಕ್ಕಿಯ ಕಪ್ಪಿನಲ್ಲೇ. ಚನ್ನಪಟ್ಟಣದ ಬೊಂಬೆಯವರು ಅರಗಿಗೆ ಬಣ್ಣ ಬೆರೆಸಿ ತಾವೇ ಕಡ್ಡಿ ಮಾಡಿಕೊಳ್ಳುತ್ತಾರೆ.

ಪುಸ್ತಕದ ಚೀಲವಿಲ್ಲದ ಸಂಭ್ರಮ ಶನಿವಾರದಂದು ಶಾಲೆಯಲ್ಲಿ ಕ್ರೇಯಾನ್ಸ್ ಮಾಡಿಸಲಿ ಎಂಬುದು ನಮ್ಮ ಮಾತು. ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ.

ಬೇಕಾಗುವುದು ಜೇನುಮೇಣ, ಜರಡಿ ಹಿಡಿದ ಒಣ ಮಣ್ಣು, ಇದ್ದಿಲು ಪುಡಿ. ಜೇನು ಹಿಂಡಿದ ಮೇಲೆ ಹುಟ್ಟನ್ನು ಎಷ್ಟೋ ಕಡೆ ಬಿಸಾಡುತ್ತೇವಲ್ಲ, ಮೇಣ ಅದರಲ್ಲೇ ಇದೆ. ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಬೇಕು. ಸುಮಾರು 63 ಡಿಗ್ರಿಗೇ ಕರಗುತ್ತದೆ, ನೇರ ಉರಿ ಬೇಡ. ಇದು ದೊಡ್ಡವರ ಕೆಲಸ. ಪುಡಿ ಕಲಸಿ, ತಳ ಮುಚ್ಚಿದ ಕಾಗದದ ಕೊಳವೆಗೆ ಹುಯ್ದು ಆರಲು ಬಿಡಿ. ಪುಡಿ ಕಡಿಮೆಯಾದರೆ ಬಣ್ಣ ಹತ್ತದು, ಹೆಚ್ಚಾದರೆ ಕಡ್ಡಿ ಉದುರುತ್ತದೆ. ಅರಿಶಿನವೂ ಆಗುತ್ತದೆ, ಬಿಸಿಲಿಗೆ ಮಾತ್ರ ಬೇಗ ಮಾಸುತ್ತದೆ.

ಒಂದು ವಿಷಯದಲ್ಲಿ ನಾವು ಖಡಾಖಂಡಿತ: ಹೋಳಿ ಪುಡಿ, ರಂಗೋಲಿ ಬಣ್ಣ, ಪೇಂಟು ಬೆರೆಸಲೇಬೇಡಿ. ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸ ಇರಬಹುದು. ಕಡ್ಡಿ ಕಚ್ಚದ ಮಗು ಯಾವುದಿದೆ?

ಅಂಗಡಿಯ ನೀಲಿ, ಗುಲಾಬಿ ಇದರಲ್ಲಿ ಬರುವುದಿಲ್ಲ, ನಿಜ. ಬರುವುದು ಮಣ್ಣಿನ ಬಣ್ಣಗಳೇ. ಆದರೂ ಎಲೆಯ ಮೇಲೆ ಹಾಳೆ ಇಟ್ಟು ಇದರಲ್ಲಿ ಉಜ್ಜಿದರೆ ನರಗಳೆಲ್ಲ ಮೂಡುತ್ತವೆ. ಆ ಹಾಳೆ ಮಡಚಿದರೆ ಚೆಂದದ ಲಕೋಟೆ. ಮಕ್ಕಳ ಕೈಗೆ ಕೊಟ್ಟು ನೋಡಿ, ಇನ್ನೇನೇನು ಮಾಡುತ್ತಾರೋ.