ಗುಳಿಗೆಯೂ ಹಸಿವೆಯೂ

ಅವಧಾನದ ಕೊರತೆ, ಅಂದರೆ ಎ.ಡಿ.ಎಚ್.ಡಿ., ಬಾಲ್ಯದೊಡನೆ ಮುಗಿಯತಕ್ಕದ್ದಲ್ಲ. ಅನೇಕ ವಯಸ್ಕರಲ್ಲಿಯೂ ಉಳಿಯುತ್ತದೆ. ಇದಕ್ಕೆ ಕೊಡುವ ಉತ್ತೇಜಕ ಔಷಧವನ್ನು ವಿಷವೆಂದು ಹಳಿಯುವವರುಂಟು. ಪರೀಕ್ಷೆಯ ಅಮೃತವೆಂದು ಹುಡುಕುವವರೂ ಉಂಟು. ನನ್ನ ಆಕ್ಷೇಪಣೆ ಔಷಧದ ಮೇಲಲ್ಲ, ಅದರೊಡನೆ ಹೇಳಬೇಕಾದುದನ್ನು ಹೇಳದಿರುವುದರ ಮೇಲೆ.

ನಮ್ಮಣ್ಣ ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಾನೆ. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಆಸ್ಪತ್ರೆಯೊಂದರಲ್ಲಿ ಅವನಿಗೆ ಮೀಥೈಲ್‌ಫೆನಿಡೇಟ್ ಬರೆದುಕೊಟ್ಟರು. ಅಳತೆ ತಪ್ಪುವುದು ಕಡಮೆಯಾಯಿತು, ಮೇಸ್ತ್ರಿಯೂ ಮೆಚ್ಚಿದನು. ಆದರೆ ಊಟದ ಬುತ್ತಿ ಹೋದಂತೆಯೇ ಹಿಂದಿರುಗತೊಡಗಿತು. ಅಮ್ಮ ಮೊದಲು ಸಾರಿನಲ್ಲಿ ದೋಷ ಹುಡುಕಿದಳು, ಆಮೇಲೆ ದೃಷ್ಟಿ ತೆಗೆದಳು. ಎರಡನೆಯ ಪಾಳಿಯ ವಾರದಲ್ಲಿ ಅಣ್ಣ ಮಧ್ಯಾಹ್ನ ಒಂದಕ್ಕೆ ಗುಳಿಗೆ ನುಂಗಿ, ರಾತ್ರಿಯೆಲ್ಲ ಸೂರು ನೋಡುತ್ತ ಮಲಗಿದನು. ಡಬ್ಬಿಯೊಳಗಿನ ಇಂಗ್ಲಿಷ್ ಕಾಗದವನ್ನು ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ. (ಬಿ.ಎ. ಸೇರಿದ್ದಕ್ಕೆ ಇಷ್ಟಾದರೂ ಫಲ ಸಿಕ್ಕಿತು!) ಹಸಿವೆ ಅಡಗುವುದು, ನಿದ್ರೆಗೇಡು, ಬಾಯಾರಿಕೆ, ಎದೆ ಹೊಡೆದುಕೊಳ್ಳುವುದು, ಸಿಡುಕು, ಎಲ್ಲವೂ ಅದರಲ್ಲಿದ್ದುವು.

ಇದರಲ್ಲಿ ಮಾಟಮಂತ್ರವೇನೂ ಇಲ್ಲ. ಮಿದುಳಿನಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ದ್ರವ್ಯಗಳು ಬೇಗನೆ ಹಿಂದಕ್ಕೆ ಹೀರಿಹೋಗದಂತೆ ಈ ಔಷಧ ತಡೆಯುತ್ತದೆ. ಗಮನವನ್ನು ನಿಲ್ಲಿಸುವ ಅವೇ ದ್ರವ್ಯಗಳು ಹಸಿವೆಯನ್ನು ಕುಗ್ಗಿಸಿ ನಾಡಿಯನ್ನು ಚುರುಕುಗೊಳಿಸುತ್ತವೆ. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಪನಿಝೋನ್ ಇದನ್ನು ತಯಾರಿಸಿದಾಗ, ರಕ್ತದೊತ್ತಡ ಕಡಮೆಯಿದ್ದ ಅವನ ಹೆಂಡತಿ ರೀಟಾ ಟೆನಿಸ್ ಆಡುವ ಮುಂಚೆ ಸೇವಿಸುತ್ತಿದ್ದಳಂತೆ; ರಿಟಾಲಿನ್ ಎಂಬ ಹೆಸರು ಬಂದದ್ದು ಆಕೆಯಿಂದಲೇ. ಆಕೆಗೆ ಅನುಕೂಲವಾದದ್ದು, ಮೊದಲೇ ರಕ್ತದೊತ್ತಡ ಏರಿದ ಐವತ್ತರ ಗೃಹಸ್ಥನಿಗೆ ಕೇಡು. ಸರಾಸರಿ ಏರಿಕೆ 2ರಿಂದ 4 ಮಿಲಿಮೀಟರ್ ಮಾತ್ರ. ಕೆಲವರಲ್ಲಿ ಬಹಳ ಹೆಚ್ಚು. ಆದ್ದರಿಂದ ಆಗಾಗ್ಗೆ ಅಳೆಸಬೇಕು.

ಪರೀಕ್ಷೆಗೆಂದು ಅಣ್ಣನ ಡಬ್ಬಿಯಿಂದ ಒಂದು ಗುಳಿಗೆ ಕೇಳಿದ ಮಿತ್ರರೂ ಇದ್ದಾರೆ. ಅವರ ನಾಡಿಯನ್ನು ಯಾರು ನೋಡಿದ್ದರು? 1985ರ ಮಾದಕ ದ್ರವ್ಯಗಳ ಕಾಯಿದೆಯ ಪಟ್ಟಿಯಲ್ಲಿ ಈ ಔಷಧವಿದೆಯೆಂಬುದನ್ನೂ ಅವರು ತಿಳಿಯಲಿ.

ಮುಂದಿನ ಸಲ ಬೇರೊಬ್ಬ ವೈದ್ಯರು, “ನಿನ್ನ ಪಾಳಿ ಯಾವುದಪ್ಪಾ?” ಎಂದು ಕೇಳಿದರು. ಅದುವರೆಗೆ ಕೊಟ್ಟಿದ್ದು 8ರಿಂದ 12 ಗಂಟೆ ಕೆಲಸಮಾಡುವ ಗುಳಿಗೆ. ಆ ವಾರಕ್ಕೆ ಸುಮಾರು 4 ಗಂಟೆಯದನ್ನು ಗೊತ್ತುಮಾಡಿದರು. ತಿಂಡಿಯ ಮೇಲೆ ನುಂಗಬೇಕು, ರಾತ್ರಿ ಮುದ್ದೆ ದೊಡ್ಡದಿರಲಿ ಎಂದರು. ಒಗ್ಗದಿದ್ದರೆ ಅಟೊಮಾಕ್ಸೆಟಿನ್ ಎಂಬ ಬೇರೆ ಬಗೆಯ ಔಷಧವೂ ಇದೆಯೆಂದರು. ಅಣ್ಣ ನಿದ್ರೆ ಮಾಡುತ್ತಿದ್ದಾನೆ.

ಇಷ್ಟು ಮಾತನ್ನು ಕನ್ನಡದಲ್ಲಿ ಅರ್ಧ ಹಾಳೆಗೆ ಅಚ್ಚುಹಾಕಿ ಗುಳಿಗೆಯೊಡನೆ ಕೊಡಲು ಯಾವ ಅಡ್ಡಿ? ಕೆಂಗೇರಿಯಿಂದ ಹೊಸೂರು ರಸ್ತೆಯ ನಿಮ್ಹಾನ್ಸಿಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ ಸಂಖ್ಯೆ 14416; ಅಲ್ಲಿ ಕನ್ನಡದಲ್ಲಿಯೇ ವಿಚಾರಿಸಬಹುದು. ಆ ಹಾಳೆಯ ಕೆಳಗೆ ಇದನ್ನೂ ಅಚ್ಚುಹಾಕಲಿ.