ಕೂಲಿಯ ದರ ಎಲ್ಲಿದೆ?

ಕಳೆದ ಅಡಿಕೆ ಕೊಯ್ಲಿನ ಕಾಲದ ಮಾತು. ತೀರ್ಥಹಳ್ಳಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಡಿಪ್ಲೊಮಾ ಓದುತ್ತಿರುವವನು, ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದ. ತಮ್ಮ ಮನೆಯ ಅಡಿಕೆ ಸುಲಿತದ ಲೆಕ್ಕಕ್ಕೆ ಅವನೇ ಒಂದು ಪ್ರೋಗ್ರಾಂ ಮಾಡಿದ್ದ. ಅವನೇ ಎಂದರೆ, ಏನು ಬೇಕೆಂದು ಹೇಳಿದ್ದು ಅವನು. ಬರೆದದ್ದು ಎಐ ಸಹಾಯಕ. ಎರಡೇ ಸಂಜೆಯಲ್ಲಿ ಕೆಲಸ ಮುಗಿದಿತ್ತು. ಯಾರು ಎಷ್ಟು ಕಿಲೋ ಸುಲಿದರೆಂದು ತುಂಬಿಸಿದರೆ ಕೂಲಿ ತೋರಿಸುತ್ತಿತ್ತು, ವಾರದ ಚೀಟಿ ಮುದ್ರಿಸುತ್ತಿತ್ತು, ವರ್ಷದ ಖರ್ಚನ್ನೂ ಕೂಡಿಸುತ್ತಿತ್ತು.

ತೊಂದರೆ ಬಂದದ್ದು ಅವನ ಅಪ್ಪಯ್ಯ ಕಿಲೋಗೆ ಎರಡು ರೂಪಾಯಿ ಕೂಲಿ ಏರಿಸಿದಾಗ. ಹುಡುಗ ಹೊಸ ದರ ಹಾಕಿದ. ಪರದೆಯ ಮೇಲೆ ಸರಿಯಾಗಿಯೇ ಕಾಣುತ್ತಿತ್ತು. ಶನಿವಾರ ಚೀಟಿಯ ಪ್ರಕಾರ ಹಣ ಹಂಚಿದಾಗ, 60 ಕಿಲೋ ಸುಲಿದಿದ್ದ ಹೆಂಗಸೊಬ್ಬರು ಬೆರಳೆಣಿಸಿ 120 ರೂಪಾಯಿ ಕಡಿಮೆ ಎಂದರು. ಕಂಪ್ಯೂಟರ್ ಲೆಕ್ಕ ತಪ್ಪುವುದುಂಟೇ ಎಂದು ಮನೆಯವರು ವಾದಿಸಿದರಂತೆ. ಆಕೆ ಹೇಳಿದ್ದೇ ಸರಿಯಾಗಿತ್ತು.

‘ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ ಸಾರ್’ ಎಂದ.

‘ನಿನ್ನ ಪ್ರೋಗ್ರಾಮಿನ ಚಿತ್ರ ಬರಿ ನೋಡೋಣ.’

‘ಯಾವ ಪರದೆಯದು ಸಾರ್?’

ನಾನು ಕೇಳಿದ್ದು ಪರದೆಯ ಚಿತ್ರವಲ್ಲ. ಒಳಗೆ ಯಾವ ಯಾವ ಭಾಗಗಳಿವೆ, ಯಾವುದರಿಂದ ಯಾವುದಕ್ಕೆ ಏನು ಹರಿಯುತ್ತದೆ ಎಂಬ ನಕ್ಷೆ. ತಂತ್ರಾಂಶದ ಆರ್ಕಿಟೆಕ್ಚರ್ ಎನ್ನುವುದು ಇದನ್ನೇ. ಅವನಿಗೆ ತೋರಿಸಲು ನಮ್ಮ ಶರಾವತಿಯನ್ನೇ ಹಾಳೆಯ ಮೇಲೆ ಬರೆದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ನದಿ ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ನಿಲ್ಲುತ್ತದೆ. ಆ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹೊಸನಗರ ತಾಲ್ಲೂಕಿನ ಚಕ್ರಾ, ಸಾವೆಹಕ್ಲು ಜಲಾಶಯಗಳ ನೀರೂ ಕಾಲುವೆಯ ಮೂಲಕ ಅಲ್ಲಿಗೇ ಬರುತ್ತದೆ. ಅಲ್ಲಿಂದ ತಲಕಳಲೆಯ ಜಲಾಶಯ, ಆಮೇಲೆ ದೊಡ್ಡ ಕೊಳವೆಗಳಲ್ಲಿ ಇಳಿದು ಹತ್ತು ಯಂತ್ರಗಳ, 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ. ಹೊರಬಿದ್ದ ನೀರು ಗೇರುಸೊಪ್ಪೆಯಲ್ಲಿ ಇನ್ನೊಮ್ಮೆ 240 ಮೆಗಾವಾಟ್‌ಗೆ ದುಡಿಯುತ್ತದೆ. ಏಳು ಚೌಕ, ಕೆಲವು ಬಾಣ, ಅಷ್ಟೇ. ಕಾಡಿಲ್ಲ, ರಸ್ತೆಯಿಲ್ಲ, ಮುಳುಗಡೆಯಾದ ಊರುಗಳೂ ಇಲ್ಲ (ಆ ಕಥೆ ಇನ್ನೊಂದು ವಾರಕ್ಕಿರಲಿ). ಆದರೆ ತಲಕಳಲೆಯಿಂದ ನೀರು ಬರದಿದ್ದರೆ ಕೆಳಗೆ ಯಾವುದು ನಿಲ್ಲುತ್ತದೆ ಎಂದು ಬೆರಳಿಟ್ಟು ಹೇಳಬಹುದು. ಅಣೆಕಟ್ಟಿನ ಫೋಟೋಗಳನ್ನು ಎಷ್ಟು ನೋಡಿದರೂ ಇದು ತಿಳಿಯುವುದಿಲ್ಲ.

ಹುಡುಗ ಹಾಗೆಯೇ ಬರೆಯತೊಡಗಿದ. ತೂಕ ತುಂಬಿಸುವ ಭಾಗ ಒಂದು ಚೌಕ, ವಾರದ ಚೀಟಿ ಒಂದು, ವರ್ಷದ ಲೆಕ್ಕ ಒಂದು.

‘ಕೂಲಿಯ ದರ ಎಲ್ಲಿದೆ?’ ಎಂದೆ. ಪೆನ್ಸಿಲ್ ನಿಂತಿತು.

ಇಬ್ಬರೂ ಕುಳಿತು ಹುಡುಕಿದೆವು. ದರ ಮೂರು ಕಡೆ ಇತ್ತು! ಅವನು ಮೂರು ದಿಕ್ಕಿನಿಂದ ಮೂರು ಸಲ ಕೇಳಿದ್ದ. ಸಹಾಯಕ ಪ್ರತಿಸಲವೂ ಕೇಳಿದಷ್ಟನ್ನು ಚೊಕ್ಕವಾಗಿ ಬರೆದು, ದರವನ್ನು ಅಲ್ಲಲ್ಲೇ ಇಟ್ಟುಬಿಟ್ಟಿತ್ತು. ಹುಡುಗ ಬದಲಿಸಿದ್ದು ಒಂದನ್ನು ಮಾತ್ರ.

ಇದು ಎಐ ಬಂದ ಮೇಲೆ ಹುಟ್ಟಿದ ರೋಗವೇನಲ್ಲ. 1972ರಲ್ಲೇ ಡೇವಿಡ್ ಪಾರ್ನಾಸ್ ಎಂಬ ಗಣಕ ವಿಜ್ಞಾನಿ ಒಂದು ಪ್ರಬಂಧ ಬರೆದಿದ್ದರು. ಪ್ರೋಗ್ರಾಮನ್ನು ಕೆಲಸದ ಸರದಿ ನೋಡಿ ಭಾಗ ಮಾಡಬಾರದು; ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನೂ ಒಂದೊಂದು ಭಾಗದೊಳಗೆ ಅಡಗಿಸಿಡಬೇಕು ಎಂಬುದು ಅದರ ಸಾರ. ಕೂಲಿಯ ದರ ಬದಲಾಗದೆ ಇರುತ್ತದೆಯೇ? ಹಿಂದೆ ಸಾಲು ಸಾಲಾಗಿ ಕೈಯಾರೆ ಬರೆಯುವಾಗ, ಅದೇ ಅಂಕಿಯನ್ನು ಎರಡನೆಯ ಸಲ ಬರೆಯಬೇಕಾಗಿ ಬಂದರೆ ಕೈ ಅನುಮಾನಿಸುತ್ತಿತ್ತು. ನಕ್ಷೆ ಅರ್ಧ ತಾನಾಗಿಯೇ ತಲೆಯಲ್ಲಿ ಮೂಡುತ್ತಿತ್ತು. ಈಗ ಬರೆಯುವ ಶ್ರಮ ಹೋಯಿತು, ಅದರ ಜೊತೆಗೆ ನಕ್ಷೆಯೂ ಹೋಯಿತು. ಬೇಕೆಂದರೆ ಅದನ್ನು ಬೇರೆಯಾಗಿ ಕುಳಿತು ಬರೆದುಕೊಳ್ಳಬೇಕು.

ಚಿತ್ರವನ್ನೂ ಸಹಾಯಕನಿಂದಲೇ ಬರೆಸಬಹುದಲ್ಲ ಎಂದು ನೀವು ಕೇಳಬಹುದು. ಹುಡುಗನೂ ಕೇಳಿದ, ಬರೆಸಿಯೂ ನೋಡಿದೆವು. ಮರ್ಮೇಯ್ಡ್ ಎಂಬ ಸಾಧನವಿದೆ; ಇದರಿಂದ ಅದಕ್ಕೆ ಎಂದು ಅಕ್ಷರದಲ್ಲಿ ಬರೆದರೆ ಚೌಕ, ಬಾಣಗಳಾಗಿ ಮೂಡಿಸುತ್ತದೆ. ಸಹಾಯಕ ಆ ರೂಪದಲ್ಲಿ ಕೊಟ್ಟ ಚಿತ್ರ ನಮ್ಮದಕ್ಕಿಂತ ಅಂದವಾಗಿತ್ತು. ಅದರಲ್ಲಿ ‘ದರ’ ಎಂಬ ಒಂದೇ ಚೌಕ, ಅದರಿಂದ ಮೂರು ಬಾಣ! ಇರಬೇಕಾದದ್ದನ್ನು ಬರೆದಿತ್ತೇ ಹೊರತು ಇದ್ದದ್ದನ್ನಲ್ಲ. ಆದ್ದರಿಂದ ಮೊದಲು ನಿಮ್ಮ ಚಿತ್ರವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಅದನ್ನು ಕೊಟ್ಟು ಪ್ರೋಗ್ರಾಂ ಬರೆಸಿ, ಆಮೇಲೆ ಅದರ ಚಿತ್ರ ಕೇಳಿ ಎರಡನ್ನೂ ಪಕ್ಕಪಕ್ಕ ಇಡಿ. ಒಂದೆರಡು ಬಾಣಗಳನ್ನಾದರೂ ಹಿಡಿದು ಪ್ರೋಗ್ರಾಮಿನೊಳಗೆ ಹೋಗಿ, ಆ ಸಾಲು ಇದೆಯೇ ಎಂದು ಕಣ್ಣಾರೆ ನೋಡಿ.

ತಂದೆತಾಯಿಯರಿಗೂ ಒಂದು ಮಾತು. ಕಂಪ್ಯೂಟರ್ ಮುಚ್ಚಿಟ್ಟು ಪೆನ್ಸಿಲ್ ಹಿಡಿದು ಕುಳಿತ ಮಗನನ್ನೋ ಮಗಳನ್ನೋ ಕಂಡು ‘ಇಷ್ಟು ದುಡ್ಡು ಕೊಟ್ಟು ತಂದದ್ದು ಯಾಕೆ’ ಎಂದು ಗದರಬೇಡಿ.

ಹುಡುಗ ಮನೆಗೆ ಹೋಗಿ ಮತ್ತೆ ಚಿತ್ರ ಬರೆದನಂತೆ. ಬರೆಯುವಾಗಲೇ ಇನ್ನೊಂದು ವಿಷಯ ಹೊಳೆಯಿತು ಎಂದು ಫೋನ್ ಮಾಡಿದ. ದರದ ಜೊತೆಗೆ ದಿನಾಂಕವೂ ಬೇಕು. ಇಲ್ಲದಿದ್ದರೆ ಏರಿಕೆಗೆ ಮುಂಚೆ ಸುಲಿದ ಅಡಿಕೆಗೂ ವರ್ಷದ ಲೆಕ್ಕದಲ್ಲಿ ಹೊಸ ದರವೇ ಬಿದ್ದೀತು. ಅದನ್ನು ನಾನೂ ಯೋಚಿಸಿರಲಿಲ್ಲ. ಬಾಕಿ 120 ರೂಪಾಯಿ ಮುಂದಿನ ಶನಿವಾರದ ಚೀಟಿಯಲ್ಲಿ ಸೇರಿತ್ತು. ಆಕೆ ಆಗಲೂ ಬೆರಳೆಣಿಸಿ ನೋಡಿಯೇ ಹಣ ತೆಗೆದುಕೊಂಡರಂತೆ.